ಕೀಮೋ ನಡುವಿನ ಜ್ವರವನ್ನು ಮಳೆಗಾಲದ ಜ್ವರವೆಂದು ಬಿಡಬೇಡಿ

ಮಾನ್ಯ ಸಂಪಾದಕರೇ,

ಮಳೆ ಹಿಡಿಯಿತೆಂದರೆ ಕಾಸರಗೋಡಿನ ಮನೆಗಳಲ್ಲಿ ಜ್ವರ ಹೊಸ ಸುದ್ದಿಯೇನಲ್ಲ. ಡೆಂಗಿ, ಇಲಿಜ್ವರ, ಶೀತಜ್ವರ ಎಂದು ಒಬ್ಬರಾದ ಮೇಲೆ ಒಬ್ಬರು ಮಲಗುತ್ತಾರೆ. ಒಂದು ಪ್ಯಾರಸಿಟಮಾಲ್ ನುಂಗಿ, ಗಂಜಿ ಉಂಡು, ಬೆಳಗಾಗಲಿ ನೋಡೋಣ ಎನ್ನುವುದು ರೂಢಿ. ಕ್ಯಾನ್ಸರಿಗೆ ಕೀಮೋ ಔಷಧಿ ತೆಗೆದುಕೊಳ್ಳುತ್ತಿರುವವರ ವಿಷಯದಲ್ಲಿ ಈ ರೂಢಿ ಪ್ರಾಣಕ್ಕೇ ಎರವಾಗಬಹುದು. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳಿಗೆ ಹೋಗಿ ಆರೈಕೆ ನೋಡಿಕೊಳ್ಳುವ ನಾವು ಕೆಲವು ನರ್ಸ್‌ಗಳೂ ಸ್ವಯಂಸೇವಕರೂ ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವುದು ಹೆಚ್ಚಿನವರಿಗೆ ಒಂದು ದಿನದ ಕೆಲಸ. ಉಳಿದ ದಿನಗಳಲ್ಲಿ ರೋಗಿ ಇರುವುದು ಮನೆಯಲ್ಲಿ. ನೋಡಿಕೊಳ್ಳುವವರು ಹೆಂಡತಿ, ಮಗ, ಸೊಸೆ, ತಂಗಿ, ನೆರೆಕರೆಯವರು. ಆ ದಿನಗಳಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂದು ಅವರಿಗೆ ಕನ್ನಡದಲ್ಲಿ ಬಿಡಿಸಿ ಹೇಳುವವರು ಕಡಿಮೆ. ಅದಕ್ಕಾಗಿ ತಮ್ಮ ಪತ್ರಿಕೆಯಲ್ಲಿ ಸ್ವಲ್ಪ ಹೆಚ್ಚೇ ಜಾಗ ಕೋರುತ್ತೇವೆ.

ಕೀಮೋವನ್ನು ಸೈಕಲ್ ಲೆಕ್ಕದಲ್ಲಿ ಕೊಡುತ್ತಾರೆ. ಹೆಚ್ಚಾಗಿ 21 ದಿನಕ್ಕೊಂದು ಸೈಕಲ್. ಕೆಲವು ಔಷಧಿಗಳಿಗೆ 14 ದಿನ, ಕೆಲವಕ್ಕೆ 28, ಇನ್ನು ಕೆಲವನ್ನು ವಾರಕ್ಕೊಮ್ಮೆ. ಡ್ರಿಪ್ ಹಾಕಿದ ದಿನವೇ ಒಂದನೇ ದಿನ. ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಕೊಲ್ಲುವುದು ಈ ಔಷಧಿಗಳ ಕೆಲಸ. ಕ್ಯಾನ್ಸರ್ ಕೋಶ ಹಾಗೆ ಬೆಳೆಯುವಂಥದ್ದು. ಆದರೆ ಮೂಳೆಯೊಳಗಿನ ಮಜ್ಜೆ, ಬಾಯಿ ಮತ್ತು ಕರುಳಿನ ಒಳಪದರ, ಕೂದಲಿನ ಬುಡ ಕೂಡ ಹಾಗೆಯೇ. ಆದ್ದರಿಂದಲೇ ಬಾಯಿ ಹುಣ್ಣು, ಭೇದಿ, ಕೂದಲು ಉದುರುವುದು. ಮಜ್ಜೆಗೆ ಬಿದ್ದ ಪೆಟ್ಟು ಮಾತ್ರ ಹೊರಗೆ ಕಾಣುವುದಿಲ್ಲ. ರಕ್ತದಲ್ಲಿ ಮೊದಲೇ ಇದ್ದ, ಸೋಂಕನ್ನು ಎದುರಿಸುವ ಬಿಳಿ ಕಣಗಳು ತೀರುತ್ತಾ ಬಂದು, ಹೊಸವು ಹುಟ್ಟದೆ, ಸುಮಾರು 7ರಿಂದ 14ನೇ ದಿನದ ನಡುವೆ ಅವುಗಳ ಸಂಖ್ಯೆ, ಅಂದರೆ ಕೌಂಟ್, ತಳ ಮುಟ್ಟುತ್ತದೆ. ಆಮೇಲೆ ಮಜ್ಜೆ ಚೇತರಿಸಿಕೊಂಡು 21ನೇ ದಿನದ ಹೊತ್ತಿಗೆ ಮುಂದಿನ ಡೋಸ್ ತಡೆದುಕೊಳ್ಳುವಷ್ಟು ಕಣ ತುಂಬಿಕೊಳ್ಳುತ್ತದೆ. ಇಲ್ಲಿ ಒಂದು ವಿಷಯವನ್ನು ಮನೆಯವರು ಗಮನಿಸಬೇಕು. ವಾಂತಿ, ಸುಸ್ತು ಹೆಚ್ಚಿರುವುದು ಮೊದಲ ನಾಲ್ಕೈದು ದಿನ. ಎರಡನೇ ವಾರ ರೋಗಿ ಎದ್ದು ಓಡಾಡುತ್ತಾರೆ, ಊಟ ಸೇರುತ್ತದೆ, ಮುಖದಲ್ಲಿ ಗೆಲುವಿರುತ್ತದೆ. ಅಪಾಯ ಹೆಚ್ಚಿರುವುದು ಆ ವಾರವೇ. ಮದುವೆಗೆ, ಭೂತದ ಕೋಲಕ್ಕೆ ಹೋಗಿ ಬರೋಣ ಎಂದು ಹೊರಡುವುದೂ ಆ ವಾರವೇ. ಕ್ಯಾಲೆಂಡರ್‌ನಲ್ಲಿ ಏಳರಿಂದ ಹದಿನಾಲ್ಕನೇ ದಿನದವರೆಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿಡಿ.

ಇನ್ನು ಜ್ವರ. ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇರಲೇಬೇಕು, ಅದು ರೋಗಿಗೆ ಮಾತ್ರ ಮೀಸಲಿರಬೇಕು. ಹಣೆ ಮುಟ್ಟಿ ಹೇಳುವ ಜ್ವರಕ್ಕೆ ಇಲ್ಲಿ ಬೆಲೆಯಿಲ್ಲ. ಬಾಯಲ್ಲಿ ಹುಣ್ಣಿಲ್ಲದಿದ್ದರೆ ನಾಲಗೆಯ ಅಡಿ, ಒಂದು ಬದಿಗೆ ಇಟ್ಟು ತುಟಿ ಮುಚ್ಚಿ, ಬೀಪ್ ಆಗುವವರೆಗೆ ಹಿಡಿಯಬೇಕು. ಬಿಸಿ ಗಂಜಿ, ಚಹಾ ಅಥವಾ ತಣ್ಣೀರು ಕುಡಿದಿದ್ದರೆ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ನೋಡಬೇಕು. ಕಂಕುಳಲ್ಲಿ ಇಡುವುದಾದರೆ ಬೆವರು ಒರೆಸಿ, ತುದಿ ಚರ್ಮಕ್ಕೆ ತಾಗುವಂತೆ ಇಟ್ಟು ತೋಳನ್ನು ಮೈಗೆ ಒತ್ತಿ ಹಿಡಿಯಬೇಕು. ಅಲ್ಲಿ ಬಾಯಿಗಿಂತ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಕಡಿಮೆ ತೋರಿಸುತ್ತದೆ. ಗುದದ್ವಾರದಲ್ಲಿ ಥರ್ಮಾಮೀಟರ್ ಇಡುವುದು, ಎನಿಮಾ ಕೊಡುವುದು ಬೇಡವೇ ಬೇಡ. ಅಲ್ಲಿ ಸಣ್ಣ ಗೀರಾದರೂ ರೋಗಾಣು ರಕ್ತಕ್ಕೆ ನುಗ್ಗುತ್ತದೆ.

ಬಾಯಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಕಂಡರೆ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು. ರಾತ್ರಿ ಎರಡು ಗಂಟೆಯಾದರೂ ಸರಿ, ಭಾನುವಾರವಾದರೂ ಸರಿ. ನಡುಕ ಬಂದರೆ, ಉಸಿರು ಏರಿದರೆ, ಮಾತು ತೊದಲಿದರೆ, ಮಂಪರು ಹಿಡಿದರೆ ಥರ್ಮಾಮೀಟರ್ ಏನೇ ತೋರಿಸಲಿ, ಕಾಯಬೇಡಿ. ಆಗ ಪ್ಯಾರಸಿಟಮಾಲ್ ಕೊಡಬೇಡಿ ಎಂದು ನಾವು ಹೇಳಿದರೆ ಅನೇಕರಿಗೆ ಅದು ನಿರ್ದಯವೆನಿಸುತ್ತದೆ. ಕಾರಣ ಇದೆ. ಮಾತ್ರೆ ಜ್ವರವನ್ನು ಇಳಿಸುತ್ತದೆ, ಸೋಂಕನ್ನು ಇಳಿಸುವುದಿಲ್ಲ. ಬಿಳಿ ಕಣ ಇಲ್ಲದ ಮೈಯಲ್ಲಿ ಕೀವು ಕಟ್ಟುವುದಿಲ್ಲ, ಊತ ಬರುವುದಿಲ್ಲ, ಕೆಮ್ಮಿನಲ್ಲಿ ಕಫವೂ ಕಾಣದಿರಬಹುದು. ಒಳಗೆ ಸೋಂಕಿದೆ ಎಂದು ಹೇಳುವ ಗುರುತು ಹೆಚ್ಚಾಗಿ ಜ್ವರ ಒಂದೇ. ಅದನ್ನೂ ಮಾತ್ರೆಯಿಂದ ಅಳಿಸಿದರೆ ಬೆಳಗಿನ ಹೊತ್ತಿಗೆ ಬಿಪಿ ಕುಸಿದಿರಬಹುದು. ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನಡೆಯುತ್ತಿರುವವರಲ್ಲಂತೂ ಜ್ವರ ಸರಿಯಾಗಿ ಏರದೆಯೂ ಸೋಂಕಿರಬಹುದು.

ಕ್ಯಾಶುವಾಲ್ಟಿಗೆ ಹೋದಾಗ ಸಾಲಿನಲ್ಲಿ ಕೂರಬೇಡಿ. ಬಾಗಿಲಲ್ಲೇ ಹೇಳಿ: "ಕೀಮೋ ರೋಗಿ, ಡ್ರಿಪ್ ಹಾಕಿ ಇಂದಿಗೆ ಹತ್ತನೇ ದಿನ, ಜ್ವರ 101." ಈ ಮೂರು ಮಾತು ಸಾಕು, ಡಾಕ್ಟರಿಗೆ ಅರ್ಥವಾಗುತ್ತದೆ. ರಕ್ತ ತೆಗೆದು ಕೌಂಟ್‌ಗೂ, ಯಾವ ರೋಗಾಣು ಎಂದು ತಿಳಿಯುವ ಕಲ್ಚರ್‌ಗೂ ಕಳಿಸಿ, ಬಂದ ಒಂದು ಗಂಟೆಯೊಳಗೆ ನರಕ್ಕೆ ಆ್ಯಂಟಿಬಯೋಟಿಕ್ ಶುರು ಮಾಡಬೇಕೆಂಬುದು ವೈದ್ಯಕೀಯ ನಿಯಮ. ನಮ್ಮ ಜಿಲ್ಲೆಯ ತೊಂದರೆ ದೂರದ್ದು. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ನೂರಕ್ಕೂ ಮೇಲೆ. ದೇಲಂಪಾಡಿ, ಎಣ್ಮಕಜೆಯ ಒಳಮನೆಗಳಿಂದ ಮಳೆಗಾಲದ ರಾತ್ರಿ ಮುಖ್ಯರಸ್ತೆಗೆ ಬರುವುದೇ ಒಂದು ಕೆಲಸ. ಆದ್ದರಿಂದ ಮೊದಲ ಡೋಸ್ ಆ್ಯಂಟಿಬಯೋಟಿಕ್ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾಕಿಸಬಹುದು ಎಂದು ಕೀಮೋ ಕೊಡುವ ಡಾಕ್ಟರಲ್ಲಿ ಮೊದಲ ಸೈಕಲ್‌ನಲ್ಲೇ ಕೇಳಿ, ಆಸ್ಪತ್ರೆಯ ಹೆಸರನ್ನು ಅವರ ಕೈಯಲ್ಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಆ ಚೀಟಿ ಇದ್ದರೆ ರಾತ್ರಿ ಡ್ಯೂಟಿಯ ಎಳೆಯ ಡಾಕ್ಟರಿಗೂ ಧೈರ್ಯ. ಊರಿನ ಕ್ಲಿನಿಕ್‌ನಲ್ಲಿ "ಒಂದು ಇಂಜೆಕ್ಷನ್ ಹೊಡೆಸಿಕೊಂಡು" ಬರುವುದು ಬೇಡ. ರಕ್ತ ಸೋರುವುದನ್ನು ತಡೆಯುವ ಪ್ಲೇಟ್‌ಲೆಟ್ ಕಣಗಳು ಕಡಿಮೆಯಿದ್ದಾಗ ಸೊಂಟಕ್ಕೆ ಚುಚ್ಚಿದ ಜಾಗದಲ್ಲಿ ರಕ್ತ ಒಳಗೇ ಸೋರಿ ಗಡ್ಡೆಯಾಗಬಹುದು. ಡೈಕ್ಲೋಫಿನಾಕ್, ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆಗಳೂ ರಕ್ತಸ್ರಾವಕ್ಕೆ, ಕಿಡ್ನಿಗೆ ಕೆಡುಕು.

ರಕ್ತದ ವರದಿ ಓದುವುದನ್ನು ಮನೆಯಲ್ಲಿ ಒಬ್ಬರಾದರೂ ಕಲಿತರೆ ಒಳ್ಳೆಯದು, ಕಷ್ಟವೇನಿಲ್ಲ. ಬಿಳಿ ಕಣಗಳಲ್ಲಿ ಸೋಂಕನ್ನು ಮೊದಲು ಎದುರಿಸುವ ಜಾತಿಗೆ ನ್ಯೂಟ್ರೋಫಿಲ್ ಎನ್ನುತ್ತಾರೆ. ಒಟ್ಟು ಬಿಳಿ ಕಣಗಳ ಸಂಖ್ಯೆಯನ್ನು ನ್ಯೂಟ್ರೋಫಿಲ್ ಶೇಕಡಾವಾರಿನಿಂದ ಗುಣಿಸಿ ನೂರರಿಂದ ಭಾಗಿಸಿ. ಒಟ್ಟು 2400, ನ್ಯೂಟ್ರೋಫಿಲ್ ಶೇಕಡಾ 30 ಎಂದಿದ್ದರೆ ಉತ್ತರ 720. ಸಾವಿರದ ಕೆಳಗಿದ್ದರೆ ಸಾಮಾನ್ಯವಾಗಿ ಮುಂದಿನ ಸೈಕಲ್ ಮುಂದೂಡುತ್ತಾರೆ. 500ರ ಕೆಳಗಿದ್ದರೆ ಸೋಂಕಿನ ಅಪಾಯ ಬಹಳ ಹೆಚ್ಚು. ಹೆಚ್ಚಿನ ಕಡೆ ಪ್ಲೇಟ್‌ಲೆಟ್ ಒಂದು ಲಕ್ಷ ಇದೆಯೇ ಎಂದೂ ನೋಡುತ್ತಾರೆ. ಈ ಪರೀಕ್ಷೆಯನ್ನು ಸೈಕಲ್‌ಗೆ ಒಂದೆರಡು ದಿನ ಮೊದಲೇ ಊರಿನ ಲ್ಯಾಬ್‌ನಲ್ಲಿ ಮಾಡಿಸಿ, ವರದಿಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಬರಬಹುದೇ ಎಂದು ಕೇಳಿಕೊಂಡು ಹೊರಡಿ. ಬೆಳಗಿನ ನಾಲ್ಕಕ್ಕೆ ಕಾರು ಮಾಡಿಕೊಂಡು ಹೋಗಿ, ಕೌಂಟ್ ಇಲ್ಲವೆಂದು ಹಿಂದೆ ಬರುವ ಸುಸ್ತು, ಖರ್ಚು ಎರಡೂ ಉಳಿಯುತ್ತವೆ. ಸೈಕಲ್ ಒಂದು ವಾರ ಮುಂದೆ ಹೋದರೆ ಔಷಧಿ ಸೋತಿತೆಂದು ಎದೆಗೆಡಬೇಕಿಲ್ಲ. ನಿಮಗೆ ನೀವೇ ಮುಂದೂಡುವುದು ಮಾತ್ರ ಬೇಡ. ಹಬ್ಬಕ್ಕಾಗಿಯೋ ಗೃಹಪ್ರವೇಶಕ್ಕಾಗಿಯೋ ತಪ್ಪಿಸಿದ ವಾರಕ್ಕೆ ಬೆಲೆ ಕೊಡಬೇಕಾಗುತ್ತದೆ.

ಕೌಂಟ್ ಏರಿಸಲು ಫಿಲ್‌ಗ್ರಾಸ್ಟಿಮ್ ಅಥವಾ ಪೆಗ್‌ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ ಬರೆದುಕೊಡುತ್ತಾರೆ. ಡ್ರಿಪ್ ಮುಗಿದು 24 ಗಂಟೆ ಕಳೆಯದೆ ಅದನ್ನು ಹಾಕಬಾರದು. ಮೊದಲೇ ಹಾಕಿದರೆ ಆಗತಾನೇ ಚಿಗುರುವ ಕಣಗಳನ್ನೇ ಕೀಮೋ ಕೊಂದುಬಿಡುತ್ತದೆ. ಈ ಇಂಜೆಕ್ಷನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಫ್ರಿಜ್ಜಿನ ಬಾಗಿಲಲ್ಲಿ ಇಡಬೇಡಿ, ಫ್ರೀಜರಿನಲ್ಲಂತೂ ಬೇಡ. ನಡುವಿನ ತಟ್ಟೆಯಲ್ಲಿ ಡಬ್ಬಿಯೊಳಗಿಡಿ. ಮಂಗಳೂರಿನಿಂದ ತರುವಾಗ ಐಸ್‌ಗೆ ಸಿರಿಂಜ್ ನೇರ ತಾಗಿದರೆ ಔಷಧಿ ಹೆಪ್ಪುಗಟ್ಟಿ ಕೆಡುತ್ತದೆ. ನಡುವೆ ಬಟ್ಟೆ ಸುತ್ತಿ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ತನ್ನಿ. ಗಾಳಿಮಳೆಗೆ ಇಡೀ ದಿನ ಕರೆಂಟ್ ಹೋಗುವ ನಮ್ಮೂರಿನಲ್ಲಿ ಇನ್ವರ್ಟರಿಗೆ ಫ್ರಿಜ್ ಜೋಡಿಸಿದ ನೆರೆಮನೆ ಯಾವುದೆಂದು ಮೊದಲೇ ಕೇಳಿಟ್ಟುಕೊಳ್ಳಿ. ಇಂಜೆಕ್ಷನ್ ಆದ ಮೇಲೆ ಸೊಂಟ, ಬೆನ್ನಿನ ಮೂಳೆ ಸೆಳೆಯುತ್ತದೆ. ಮಜ್ಜೆ ಕೆಲಸ ಮಾಡುವಾಗ ಬರುವ ನೋವು ಅದು. ಡಾಕ್ಟರು ಅದಕ್ಕೆ ಪ್ಯಾರಸಿಟಮಾಲ್ ಹೇಳಿದ್ದರೂ ನುಂಗುವ ಮೊದಲು ಜ್ವರ ಅಳೆಯಿರಿ.

ನೀರಿನ ವಿಷಯ ಬೇರೆ ಊರಿನವರಿಗಿಂತ ನಮಗೆ ಹೆಚ್ಚು ಹೇಳಬೇಕಾಗುತ್ತದೆ. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ತಿಳಿಯಾಗಿರುತ್ತದೆ, ತಂಪಾಗಿರುತ್ತದೆ, ತಲೆಮಾರುಗಳಿಂದ ಹಾಗೆಯೇ ಕುಡಿದಿದ್ದೇವೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲಿನ ಮಣ್ಣು, ಹಟ್ಟಿಯ ನೀರು, ಪ್ರಾಣಿಗಳ ಮೂತ್ರ ಎಲ್ಲ ಸೇರಿ ಇಳಿಯುವುದು ಅದೇ ಸುರಂಗಕ್ಕೆ, ಅದೇ ಬಾವಿಗೆ. ಕುಡಿಯುವ ನೀರು, ಬಾಯಿ ಮುಕ್ಕಳಿಸುವ ನೀರು, ಹಣ್ಣು ತೊಳೆಯುವ ನೀರು ಮೂರೂ ಕುದಿಸಿ ಆರಿಸಿದ್ದಾಗಿರಲಿ. ಗುಳ್ಳೆ ಎದ್ದು ಕೊತಕೊತ ಕುದಿಯುತ್ತಿರುವಾಗ ಒಂದೆರಡು ನಿಮಿಷ ಬಿಟ್ಟು ಇಳಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿ. ಕುದಿದ ನೀರಿಗೆ ತಣ್ಣೀರು ಬೆರೆಸಿ ಹದ ಮಾಡುವುದು ಅನೇಕ ಮನೆಗಳ ಅಭ್ಯಾಸ. ಹಾಗೆ ಬೆರೆಸಿದರೆ ಕುದಿಸಿದ್ದೇ ದಂಡ.

ಊಟದಲ್ಲಿ ಪಥ್ಯದ ಹೆಸರಿನಲ್ಲಿ ಎಲ್ಲವನ್ನೂ ನಿಲ್ಲಿಸಿ ರೋಗಿಯನ್ನು ಒಣಗಿಸುವುದು ನಾವು ಹೆಚ್ಚು ಕಾಣುವ ತಪ್ಪು. ಹಾಲು ಕಫ, ಮೊಟ್ಟೆ ಉಷ್ಣ, ಮೀನು ನಂಜು ಎಂದು ಒಂದೊಂದಾಗಿ ತೆಗೆದರೆ ಉಳಿಯುವುದು ಬಿಳಿ ಗಂಜಿ. ಗಂಜಿ ಒಳ್ಳೆಯದೇ, ಕುಚ್ಚಿಲಕ್ಕಿ ಗಂಜಿಗೆ ಹೆಸರುಬೇಳೆ ಸೇರಿಸಿ ಬೇಯಿಸಿ, ಒಂದು ಚಮಚ ತುಪ್ಪ ಹಾಕಿ. ತಿನ್ನುವವರಾದರೆ ಪೂರ್ತಿ ಬೆಂದ ಮೊಟ್ಟೆ, ಖಾರವಿಲ್ಲದ ಮೀನಿನ ಸಾರು, ತಿನ್ನದವರಿಗೆ ತೊವ್ವೆ, ಹುರುಳಿ ಸಾರು, ಕುದಿಸಿದ ಹಾಲು, ಹಬೆಯಲ್ಲಿ ಬೇಯಿಸಿದ ನೇಂದ್ರಬಾಳೆ. ಮೂರು ಹೊತ್ತು ತಟ್ಟೆ ತುಂಬ ಬಡಿಸುವ ಬದಲು ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುವವರಿಗೆ ಬಿಸಿ ಆರಿದ ಊಟ ಸೇರುತ್ತದೆ, ಯಾಕೆಂದರೆ ಆರಿದ್ದಕ್ಕೆ ವಾಸನೆ ಕಡಿಮೆ. ಬಾಯಲ್ಲಿ ಕಬ್ಬಿಣದ ರುಚಿ ಎನ್ನುವವರಿಗೆ ಸ್ಟೀಲ್ ಚಮಚ ಬಿಟ್ಟು ಮರದ್ದೋ ಪ್ಲಾಸ್ಟಿಕ್ಕಿನದೋ ಕೊಟ್ಟು ನೋಡಿ. ಒಂದೆಲಗದ ತಂಬುಳಿ, ಹಸಿ ತೆಂಗಿನಕಾಯಿ ಚಟ್ನಿ, ಕೋಸಂಬರಿ ಕೆಂಪು ಗೆರೆಯ ದಿನಗಳಲ್ಲಿ ಬೇಡ. ಮಣ್ಣಿಗೆ ತಾಗಿ ಬೆಳೆಯುವ ಎಲೆಯನ್ನು ಎಷ್ಟು ತೊಳೆದರೂ ಪೂರ್ತಿ ಶುದ್ಧವಾಗುವುದಿಲ್ಲ. ಒಂದೆಲಗವನ್ನು ಬೇಯಿಸಿ ರುಬ್ಬಿದರೆ ಆ ಚಿಂತೆಯಿಲ್ಲ. ಬೊಂಡವನ್ನು (ಎಳನೀರನ್ನು) ಕೆತ್ತಿದ ಕೂಡಲೇ ಕುಡಿದರೆ ಒಳ್ಳೆಯದು. ಕಿಡ್ನಿ ತೊಂದರೆ ಇದ್ದವರು ಮಾತ್ರ ಕೇಳಿ ಕುಡಿಯಬೇಕು. ಬೆಳಿಗ್ಗೆ ಮಾಡಿದ್ದನ್ನು ರಾತ್ರಿಗೆ ಹೊರಗಿಟ್ಟು ಬಡಿಸುವುದು ಬೇಡ.

ಕೃಷಿಕರ ಮನೆಯಲ್ಲಿ ಇನ್ನೊಂದು ಅಪಾಯವಿದೆ. ಅಡಿಕೆ ಸುಲಿಯುವ ಜಾಗ, ಬೈಹುಲ್ಲಿನ ಅಟ್ಟ, ಗೊಬ್ಬರದ ಗುಂಡಿ, ಹಟ್ಟಿ. ಒಣಗಿದ ಸಿಪ್ಪೆಯ ಧೂಳಿನಲ್ಲಿ ಬೂಷ್ಟು ಇರುತ್ತದೆ. ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋದರೆ ಬಿಳಿ ಕಣ ಇಲ್ಲದ ಮೈಗೆ ಅದನ್ನು ತಡೆಯಲಾಗದು. ಕೂತಲ್ಲೇ ಬೇಸರವೆಂದು ಅಂಗಳದಲ್ಲಿ ಅಡಿಕೆ ಸುಲಿಯಲು ಕೂರುವ ಹಿರಿಯರನ್ನು ಒಪ್ಪಿಸಿ ಏಳಿಸುವುದು ಕಷ್ಟವೆಂದು ಗೊತ್ತು. ತೋಟದ ಬದಿಯಲ್ಲಿ ಹದಿನೈದು ನಿಮಿಷ ನಡೆಯಲಿ. ನಡಿಗೆಯಿಂದ ಕೀಮೋದ ಸುಸ್ತು ಕಡಿಮೆಯಾಗುತ್ತದೆ, ಇಡೀ ದಿನ ಮಲಗಿದರೆ ಹೆಚ್ಚುತ್ತದೆ.

ಬಾಯಿ ಹುಣ್ಣಿಗೆ ಅಂಗಡಿಯ ಮೌತ್‌ವಾಶ್ ಬೇಡ, ಅದರಲ್ಲಿ ಆಲ್ಕೋಹಾಲ್ ಇದ್ದರೆ ಉರಿ ಹೆಚ್ಚುತ್ತದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಕರಗಿಸಿ, ಊಟವಾದ ಮೇಲೂ ಮಲಗುವ ಮುಂಚೆಯೂ ಸೇರಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಿ ಉಗುಳಬೇಕು. ದಿನಾ ಹೊಸತಾಗಿ ಮಾಡಿ. ಹುಣ್ಣು ಬರುವವರೆಗೆ ಕಾಯದೆ ಒಂದನೇ ದಿನದಿಂದಲೇ ಶುರು ಮಾಡಿದರೆ ಪ್ರಯೋಜನ ಹೆಚ್ಚು. ಮೆತ್ತನೆಯ ಬ್ರಷ್ ಬಳಸಿ. ವೀಳ್ಯ, ಹೊಗೆಸೊಪ್ಪು, ಉಪ್ಪಿನಕಾಯಿ, ಲಿಂಬೆ ದೂರವಿರಲಿ. ಹಲ್ಲು ಕೀಳಿಸುವುದಿದ್ದರೆ ಕೀಮೋ ಡಾಕ್ಟರನ್ನು ಕೇಳದೆ ಬೇಡ.

ವಾಂತಿಯ ಮಾತ್ರೆಗಳನ್ನು ವಾಂತಿ ಬಂದ ಮೇಲೆ ನುಂಗುವುದು ಇನ್ನೊಂದು ತಪ್ಪು. ಮೊದಲ ಎರಡು ಮೂರು ದಿನ ಬರೆದುಕೊಟ್ಟ ಹೊತ್ತಿಗೆ ತಪ್ಪದೆ ನುಂಗಬೇಕು, ಹೊಟ್ಟೆ ಸರಿಯಿದ್ದರೂ. ಸಿಸ್‌ಪ್ಲಾಟಿನ್‌ನಂಥ ಔಷಧಿಯಲ್ಲಿ ವಾಕರಿಕೆ ಜೋರಾಗುವುದು ಮನೆಗೆ ಬಂದ ಎರಡನೇ ಮೂರನೇ ದಿನ. ಅಪ್ರೆಪಿಟೆಂಟ್ ಕ್ಯಾಪ್ಸೂಲ್ ಕೊಟ್ಟಿದ್ದರೆ ಒಂದನೇ ದಿನಕ್ಕೆ 125, ಎರಡು ಮತ್ತು ಮೂರನೇ ದಿನಕ್ಕೆ 80 ಮಿಲಿಗ್ರಾಂ ಎಂದು ಬೇರೆ ಬೇರೆ ಇರುತ್ತದೆ; ಅದಲುಬದಲಾಗದಂತೆ ಪೆನ್ನಿನಲ್ಲಿ ದಿನ ಬರೆದಿಡಿ. ಡೆಕ್ಸಾಮೆಥಸೋನ್ ಬೆಳಿಗ್ಗೆ ತಿಂಡಿಯ ನಂತರ ಕೊಡಿ, ಸಂಜೆ ಕೊಟ್ಟರೆ ನಿದ್ದೆ ಹೋಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಆ ದಿನಗಳಲ್ಲಿ ಶುಗರ್ ಏರುತ್ತದೆ, ಅಳೆಯುತ್ತಿರಬೇಕು. ಒಲಾನ್ಜಪಿನ್ ರಾತ್ರಿಗೆ, ತೂಕಡಿಕೆ ಬರುವುದರಿಂದ ಬಚ್ಚಲಿಗೆ ಹೋಗುವಾಗ ಕೈ ಹಿಡಿಯಿರಿ. ಒಂಡನ್‌ಸೆಟ್ರಾನ್‌ನಿಂದ ಮಲಬದ್ಧತೆ ಆಗುತ್ತದೆ. ಮೂರು ದಿನ ಹೋಗದಿದ್ದರೆ ಫೋನ್ ಮಾಡಿ ಔಷಧಿ ಕೇಳಿ. ಭೇದಿಯಾದರೆ ಒಂದು ಪ್ಯಾಕೆಟ್ ಒಆರ್‌ಎಸ್ ಒಂದು ಲೀಟರ್ ನೀರಿಗೆ. ಪ್ಯಾಕೆಟ್ ಇಲ್ಲದಾಗ ಒಂದು ಲೀಟರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅರ್ಧ ಪ್ಯಾಕೆಟನ್ನು ಒಂದು ಲೋಟಕ್ಕೆ ಸುರಿಯುವವರಿದ್ದಾರೆ. ಉಪ್ಪು ಹೆಚ್ಚಾಗಿ ಭೇದಿ ಇನ್ನೂ ಜೋರಾಗುತ್ತದೆ. ದಿನಕ್ಕೆ ಮಾಮೂಲಿಗಿಂತ ನಾಲ್ಕು ಸಲ ಹೆಚ್ಚು ಹೋದರೆ ಆಸ್ಪತ್ರೆಗೆ ತಿಳಿಸಬೇಕು.

ಕೀಮೋ ಆದ ಮೊದಲ 48 ಗಂಟೆ ರೋಗಿಯ ಮೂತ್ರ, ಮಲ, ವಾಂತಿಯಲ್ಲಿ ಔಷಧಿಯ ಅಂಶ ಇರುತ್ತದೆ. ಕಕ್ಕಸಿಗೆ ಎರಡು ಸಲ ಧಾರಾಳ ನೀರು ಹೊಯ್ಯಿರಿ. ಕೊಳೆಯಾದ ಬಟ್ಟೆಯನ್ನು ಗ್ಲೌಸ್ ಹಾಕಿ ತೆಗೆದು ಬೇರೆಯಾಗಿ ಒಗೆಯಿರಿ. ಬಸುರಿಯರು, ಹಾಲುಣಿಸುವ ತಾಯಂದಿರು ಈ ಕೆಲಸಕ್ಕೆ ಕೈ ಹಾಕಬಾರದು. ಆದರೆ ಪಕ್ಕದಲ್ಲಿ ಕೂರುವುದಕ್ಕೆ, ಮುಟ್ಟುವುದಕ್ಕೆ, ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಮಗುವಿಗೆ ಶೀತ, ಸೀತಾಳೆ ಸಿಡುಬಿನ (ಚಿಕನ್‌ಪಾಕ್ಸ್) ಗುಳ್ಳೆ ಇಲ್ಲದಿದ್ದರಾಯಿತು. ತಟ್ಟೆ ಲೋಟ ಬೇರೆ ಮಾಡಿ ಮೂಲೆಗೆ ಕೂರಿಸಿದ ಮನೆಗಳಿವೆ. ಕ್ಯಾನ್ಸರ್ ಅಂಟುವ ರೋಗವಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಔಷಧಿ ಔಷಧಿಗೆ ಬೇರೆ ಲಕ್ಷಣಗಳಿರುವುದರಿಂದ ನಿಮ್ಮದು ಯಾವುದೆಂದು ಹೆಸರು ಬರೆಸಿಕೊಳ್ಳಿ. ಡಾಕ್ಸೊರುಬಿಸಿನ್ ಕೆಂಪು ಬಣ್ಣದ್ದು. ಒಂದೆರಡು ದಿನ ಮೂತ್ರ ಕೆಂಪಾದರೆ ಹೆದರಬೇಕಿಲ್ಲ. ಸೈಕ್ಲೊಫಾಸ್ಫಮೈಡ್ ಆದವರು ಚೆನ್ನಾಗಿ ನೀರು ಕುಡಿದು ಆಗಾಗ ಮೂತ್ರಕ್ಕೆ ಹೋಗದಿದ್ದರೆ ಮೂತ್ರಕೋಶ ಕೆರಳಿ ನಿಜವಾದ ರಕ್ತವೇ ಬರಬಹುದು. ಎರಡನ್ನೂ ಒಟ್ಟಿಗೆ ಪಡೆಯುವವರು ಕೆಂಪು ಎರಡು ದಿನ ದಾಟಿದರೆ ಅಥವಾ ಉರಿಯಿದ್ದರೆ ಕೇಳಲೇಬೇಕು. ಆಕ್ಸಾಲಿಪ್ಲಾಟಿನ್ ಪಡೆದವರಿಗೆ ಕೆಲವು ದಿನ ತಣ್ಣನೆಯದು ಯಾವುದೂ ಆಗದು. ತಣ್ಣೀರು ಕುಡಿದರೆ ಗಂಟಲು ಹಿಡಿದಂತಾಗುತ್ತದೆ, ಫ್ರಿಜ್ಜಿಗೆ ಕೈ ಹಾಕಿದರೆ ಬೆರಳು ಜುಮ್ಮೆನ್ನುತ್ತದೆ. ಬಿಸಿ ಆರಿದ ಊಟದ ಸಲಹೆಯನ್ನು ಅವರು ಉಗುರುಬೆಚ್ಚಗೆ ಎಂದೇ ಓದಿಕೊಳ್ಳಬೇಕು. ಕೆಪೆಸಿಟಾಬಿನ್ ಎಂಬ ಕೀಮೋ ಮಾತ್ರೆಯನ್ನು ಊಟವಾಗಿ ಅರ್ಧ ಗಂಟೆಯೊಳಗೆ ನುಂಗಬೇಕು. ಹೆಚ್ಚಾಗಿ 14 ದಿನ ನುಂಗಿ 7 ದಿನ ಬಿಡುವು. ಬಿಡುವಿನ ವಾರದಲ್ಲೂ ನುಂಗುತ್ತಾ ಹೋಗುವುದು, ತಪ್ಪಿದ್ದನ್ನು ಮರುದಿನ ಎರಡಾಗಿ ನುಂಗುವುದು ಅಪಾಯ. ಅಂಗೈ ಅಂಗಾಲು ಕೆಂಪಾಗಿ ಸುಲಿದರೆ ಮುಂದಿನ ಮಾತ್ರೆಗೆ ಮೊದಲು ಫೋನ್ ಮಾಡಿ. ಡ್ರಿಪ್ ನಡೆಯುವಾಗ ಸೂಜಿಯ ಜಾಗ ಉರಿದರೆ, ಊದಿದರೆ ಆ ಕ್ಷಣವೇ ಸಿಸ್ಟರನ್ನು ಕರೆಯಬೇಕು. ತೊಂದರೆ ಕೊಡುವುದು ಬೇಡವೆಂದು ತಡೆದುಕೊಂಡ ಹತ್ತು ನಿಮಿಷದಲ್ಲಿ ಚರ್ಮ ಸುಟ್ಟು ಹೋಗಬಹುದು.

ಇನ್ನು ಕಷಾಯದ ಮಾತು. ಲಕ್ಷ್ಮಣಫಲದ ಎಲೆ, ಅಮೃತಬಳ್ಳಿ, ಪಪ್ಪಾಯಿ ಎಲೆಯ ರಸ, ಯಾರೋ ಕೊಟ್ಟ ಹೆಸರಿಲ್ಲದ ಪುಡಿ. ಪ್ರೀತಿಯಿಂದಲೇ ತಂದುಕೊಡುತ್ತಾರೆ. ಕೀಮೋ ಔಷಧಿಗಳಲ್ಲಿ ಹಲವನ್ನು ಕರಗಿಸಿ ಹೊರಹಾಕುವುದು ಲಿವರ್. ಅದೇ ಲಿವರಿಗೆ ಇವುಗಳ ಹೊರೆಯೂ ಬೀಳುತ್ತದೆ. ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ಲಿವರ್ ಪರೀಕ್ಷೆ ಏರುಪೇರಾದರೆ ಡಾಕ್ಟರು ಕೀಮೋವನ್ನೇ ಸಂಶಯಿಸಿ ಡೋಸ್ ಇಳಿಸಬೇಕಾಗುತ್ತದೆ. ಮೊದಲೇ ಕುಡಿದಿದ್ದರೆ ಮುಚ್ಚಿಡದೆ ಹೇಳಿ, ಬೈದರೂ ಪರವಾಗಿಲ್ಲ.

ನೆಂಟರು, ಗೆಳೆಯರು ಬಹಳ ಮಾಡಬಲ್ಲರು. ಆದರೆ "ಏನಾದರೂ ಬೇಕಿದ್ದರೆ ಹೇಳಿ" ಎಂಬ ಮಾತಿನಿಂದ ಯಾವ ಮನೆಗೂ ಉಪಕಾರವಾಗದು. ಕೇಳುವುದಕ್ಕೆ ಯಾರಿಗೂ ಬಾಯಿ ಬರುವುದಿಲ್ಲ. "ಮಂಗಳವಾರದ ರಕ್ತಪರೀಕ್ಷೆಗೆ ನಾನು ಕರೆದುಕೊಂಡು ಹೋಗುತ್ತೇನೆ" ಎನ್ನಿ. ಕೆಂಪು ಗೆರೆಯ ವಾರದಲ್ಲಿ ರಾತ್ರಿ ಕಾರು ತರಬಲ್ಲ ಇಬ್ಬರ ನಂಬರ್ ಫ್ರಿಜ್ಜಿನ ಮೇಲೆ ಅಂಟಿಸಿರಲಿ. ಇಬ್ಬರಿಗೂ ಅದು ಯಾವ ವಾರವೆಂದು ಗೊತ್ತಿರಲಿ. ಹಾಲು ಕರೆಯುವುದು, ಪಂಪ್ ಬಿಡುವುದು, ಮಕ್ಕಳನ್ನು ಶಾಲೆಗೆ ಕಳಿಸುವುದು, ರೇಶನ್ ತರುವುದು ಒಬ್ಬೊಬ್ಬರು ಹಂಚಿಕೊಳ್ಳಿ. ಫೋನ್ ಕರೆಗಳಿಗೆ ಉತ್ತರಿಸುವ ಕೆಲಸ ಮನೆಯ ಹೊರಗಿನ ಒಬ್ಬ ಭಾವನಿಗೋ ಚಿಕ್ಕಪ್ಪನಿಗೋ ಇರಲಿ, ರೋಗಿಯ ಹೆಂಡತಿ ದಿನಕ್ಕೆ ಇಪ್ಪತ್ತು ಸಲ ಅದೇ ಕಥೆ ಹೇಳುವುದು ತಪ್ಪುತ್ತದೆ. ನೋಡಲು ಬರುವವರು ಕೆಂಪು ಗೆರೆಯ ದಿನ ಬಿಟ್ಟು ಬನ್ನಿ, ಒಬ್ಬಿಬ್ಬರಾಗಿ ಬನ್ನಿ, ಸೋಪಿನಲ್ಲಿ ಕೈ ತೊಳೆದು ಒಳಗೆ ಬನ್ನಿ, ಸತ್ತವರ ಕಥೆ ಹೇಳಬೇಡಿ. ರೋಗಿಯ ಜೊತೆ ಬೈಸ್ಟ್ಯಾಂಡರ್ ಆಗಿ ನಿಂತವರಿಗೆ ವಾರಕ್ಕೆ ಒಂದು ರಾತ್ರಿಯಾದರೂ ಪೂರ್ತಿ ನಿದ್ದೆ ಸಿಗುವಂತೆ ಯಾರಾದರೂ ಬದಲಿ ಕೂರಲೇಬೇಕು.

ಯುವಕ ಸಂಘಗಳಿಗೆ ಒಂದು ಮಾತು. ರಕ್ತ ಕೊಡುವವರ ಪಟ್ಟಿ ಮೊದಲೇ ಇರಲಿ. ಆದರೆ ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ, ಆದ್ದರಿಂದ ಮುಂಚಿತವಾಗಿ ಕೊಟ್ಟಿಟ್ಟು ಪ್ರಯೋಜನವಿಲ್ಲ. ಕರೆದ ದಿನ ಬರಬಲ್ಲವರು ಬೇಕು. ಯಂತ್ರದ ಮೂಲಕ ಪ್ಲೇಟ್‌ಲೆಟ್ ಮಾತ್ರ ತೆಗೆಯುವುದಕ್ಕೆ ಒಂದೂವರೆ ಗಂಟೆಯಷ್ಟು ಕೂರಬೇಕಾಗುತ್ತದೆ, ಕೊಡುವವರ ತೂಕ 50 ಕೆಜಿಗೆ ಕಡಿಮೆ ಇರಬಾರದು, ಹಿಂದಿನ ಮೂರು ದಿನ ಆ್ಯಸ್ಪಿರಿನ್ ನುಂಗಿರಬಾರದು.

ಹಣದ ವಿಷಯದಲ್ಲಿ ಕೇಳದೆ ಬಿಟ್ಟದ್ದೇ ಹೆಚ್ಚು. ಕ್ಯಾನ್ಸರ್ ರೋಗಿ ಚಿಕಿತ್ಸೆಗೆ ಹೋಗುವಾಗ ರೈಲಿನ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಿರುವ ಒಬ್ಬರಿಗೆ ಶೇಕಡಾ 75 ರಿಯಾಯಿತಿ ಇದೆ. ಆಸ್ಪತ್ರೆಯ ಸಹಿ, ಮೊಹರು ಇರುವ ನಮೂನೆ ಬೇಕು. ಕೇರಳ ಸರಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವು ಇದೆ. ನೀವು ಹೋಗುವ ಆಸ್ಪತ್ರೆ, ವಿಶೇಷವಾಗಿ ಗಡಿಯಾಚೆಯದು, ಅದರಲ್ಲಿ ಸೇರಿದೆಯೇ ಎಂದು ಮೊದಲ ಸೈಕಲ್‌ಗೆ ಮೊದಲೇ ಕೇಳಿ, ಬಿಲ್ ಬಂದ ಮೇಲಲ್ಲ. ಕೇರಳದ ಹಲವು ಸರಕಾರಿ ಆಸ್ಪತ್ರೆಗಳಲ್ಲಿ ಹಗಲು ಕೀಮೋ ಕೊಡುವ ವ್ಯವಸ್ಥೆ ಇದೆ. ದೊಡ್ಡ ಆಸ್ಪತ್ರೆಯಲ್ಲಿ ಶುರುವಾದ ಚಿಕಿತ್ಸೆಯ ಉಳಿದ ಸೈಕಲ್‌ಗಳನ್ನು ಹತ್ತಿರದಲ್ಲಿ ಪಡೆಯಬಹುದೇ ಎಂದು ವಿಚಾರಿಸಬಹುದು. ಮನೆಗೆ ಬಂದು ನೋವು ತಗ್ಗಿಸುವ ಆರೈಕೆ ಮಾಡುವ, ಪಂಚಾಯತಿನ ಪಾಲಿಯೇಟಿವ್ ನರ್ಸನ್ನು ಕರೆಯುವುದೆಂದರೆ ಆಸೆ ಬಿಟ್ಟಂತೆ ಎಂದು ತಿಳಿದವರು ಇನ್ನೂ ಇದ್ದಾರೆ. ಗುಣವಾಗುವ ರೋಗಿಗೂ ಪಿಕ್ ಲೈನಿನ (ಔಷಧಿಗಾಗಿ ತೋಳಿನ ರಕ್ತನಾಳದಲ್ಲಿ ಇಟ್ಟ ಕೊಳವೆ) ವಾರದ ಡ್ರೆಸ್ಸಿಂಗ್, ನೋವು, ಗಾಯದ ಆರೈಕೆಗೆ ಅವರಿಂದ ನೆರವು ಸಿಗುತ್ತದೆ.

ಇಷ್ಟೆಲ್ಲ ಬರೆಯಬೇಕಾದದ್ದು ಒಂದು ಕೊರತೆಯಿಂದ. ತೆಂಕಣದ ಆಸ್ಪತ್ರೆಗಳು ಕೊಡುವ ಸೂಚನೆಯ ಹಾಳೆ ಮಲಯಾಳದಲ್ಲಿ, ಡಿಸ್ಚಾರ್ಜ್ ಚೀಟಿ ಎಲ್ಲ ಕಡೆಯೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದ, ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಆಡುವ ಐವತ್ತು ದಾಟಿದ ತಾಯಿ ಎರಡನ್ನೂ ಓದಲಾರರು, ಮತ್ತು ರಾತ್ರಿ ಎರಡು ಗಂಟೆಗೆ ಥರ್ಮಾಮೀಟರ್ ಹಿಡಿದು ನಿಲ್ಲುವವರು ಅವರೇ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಸರಕಾರದ ಜೊತೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕನ್ನು ಇಲ್ಲಿಯ ಕನ್ನಡಿಗರಿಗೆ ಕೊಟ್ಟಿದೆ. ಅರ್ಜಿಗೆ ಸಲ್ಲುವ ಭಾಷೆ ಔಷಧಿಯ ಹಾಳೆಗೂ ಸಲ್ಲಬೇಕು. ಆರೋಗ್ಯ ಇಲಾಖೆ ಮತ್ತು ಗಡಿಯ ಎರಡೂ ಬದಿಯ ಆಸ್ಪತ್ರೆಗಳಲ್ಲಿ ನಮ್ಮ ಕೋರಿಕೆ ಒಂದು ಪುಟದ್ದು. ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ಗೋಡೆಗೆ ಅಂಟಿಸುವಂಥದ್ದು. ಮೇಲೆ ಔಷಧಿಯ ಹೆಸರು, ಸೈಕಲ್ ಸಂಖ್ಯೆ ಬರೆಯಲು ಜಾಗ, ಒಂದರಿಂದ ಇಪ್ಪತ್ತೊಂದರವರೆಗೆ ಚೌಕಗಳು, ಏಳರಿಂದ ಹದಿನಾಲ್ಕು ಕೆಂಪು, 100.4 ಎಂಬ ಅಂಕಿ. ಹಗಲಿನ ಫೋನ್, ರಾತ್ರಿಯ ಫೋನ್. ಹತ್ತಿರದ ಆಸ್ಪತ್ರೆಯ ಡಾಕ್ಟರಿಗೆ ತೋರಿಸಲು ಇಂಗ್ಲಿಷಿನಲ್ಲಿ ಎರಡು ಸಾಲು. ಕನ್ನಡದ ಕರಡನ್ನು ನಾವೇ ಬರೆದುಕೊಡುತ್ತೇವೆ. ಕ್ಯಾನ್ಸರ್ ವೈದ್ಯರು ಒಮ್ಮೆ ಓದಿ ತಿದ್ದಿದರೆ ಈ ಮಳೆಗಾಲಕ್ಕೇ ಅಚ್ಚು ಹಾಕಿಸಿ ಹಂಚಬಹುದು.

ಮನೆ ಆರೈಕೆಯ ನರ್ಸ್‌ಗಳು ಮತ್ತು ಸ್ವಯಂಸೇವಕರು
ಬದಿಯಡ್ಕ, ಕಾಸರಗೋಡು ಜಿಲ್ಲೆ